ಕೊನೆಗೆ ಸೋಲೋ ಹೀರೊ: ‘ರಾಕಿ’ ಇನ್ನೂ ಯಾಕೆ ಓಡ್ತಿದೆ?

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸಣ್ಣಪುಟ್ಟ ಬದಲಾವಣೆ ಮಾಡಲಾಗಿದೆ.

 

‘ರಾಕಿ’ ಅಂದ ಕೂಡಲೇ ನಮ್ಮಲ್ಲಿ ಹೆಚ್ಚಿನವರ ತಲೆಗೆ ಬರೋದು ಕೆಜಿಎಫ್‌ನ ರಾಕಿ ಭಾಯ್. ಸಾಯೋವಾಗ ದೊಡ್ಡ ಶ್ರೀಮಂತನಾಗೇ ಸಾಯ್ತೀನಿ ಅಂತ ಅಮ್ಮನಿಗೆ ಮಾತು ಕೊಟ್ಟವನು. ಅವನಿಗೆ ಇಡೀ ಜಗತ್ತೇ ಬೇಕು. ಇವತ್ತು ನಾವು ಮಾತಾಡೋದು ಅವನಿಗಿಂತ ನಾಲ್ಕು ದಶಕ ಹಳೆಯ ಇನ್ನೊಬ್ಬ ರಾಕಿ ಬಗ್ಗೆ. ಊರು ಅಮೆರಿಕದ ಫಿಲಡೆಲ್ಫಿಯಾ, ಪೂರ್ತಿ ಹೆಸರು ರಾಕಿ ಬಾಲ್ಬೋವಾ, ತೆರೆಗೆ ಬಂದಿದ್ದು 1976ರಲ್ಲಿ. ಈ ರಾಕಿಗೆ ಜಗತ್ತೆಲ್ಲಾ ಬೇಡ. ಹದಿನೈದನೇ ರೌಂಡ್ ಮುಗಿದು ಬೆಲ್ ಹೊಡೆದಾಗ ತಾನಿನ್ನೂ ಕಾಲ ಮೇಲೆ ನಿಂತಿದ್ದರೆ ಸಾಕು.

ಮುಂದೆ ಕಥೆಯ ಕೊನೆ ಹೇಳ್ತೀನಿ. ಸ್ಪಾಯ್ಲರ್ ಆಯ್ತು ಅಂತ ಬೈಬೇಡಿ, ಅರ್ಧ ಶತಮಾನ ಟೈಮ್ ಇತ್ತು ನೋಡೋಕೆ.

ಈ ಸಿನಿಮಾ ನೀವು ನೋಡಿಲ್ಲದೇ ಇರಬಹುದು. ಆದ್ರೆ ಅದರ ಒಂದು ತುಣುಕು ನಿಮ್ಮ ಫೋನಿಗೆ ಬಂದೇ ಬಂದಿರುತ್ತೆ. ಬೂದು ಬಣ್ಣದ ಸ್ವೆಟ್‌ಶರ್ಟ್ ಹಾಕ್ಕೊಂಡ ಒಬ್ಬ ಹುಡುಗ ಫಿಲಡೆಲ್ಫಿಯಾ ಕಲಾ ಮ್ಯೂಸಿಯಂನ 72 ಮೆಟ್ಟಿಲು ಒಂದೇ ಉಸಿರಲ್ಲಿ ಹತ್ತಿ, ಎರಡೂ ಕೈ ಮೇಲೆತ್ತಿ ಕುಣೀತಾನೆ. ಹಿಂದೆ ಟ್ರಂಪೆಟ್ ಸದ್ದು. ಜಿಮ್ ರೀಲ್ಸ್ ಮಾಡೋರಿಗೆ ಆ ಟ್ಯೂನ್ ಒಂಥರಾ ರಾಷ್ಟ್ರಗೀತೆ. ಅದನ್ನು ಸಂಯೋಜಿಸಿದವರು ಬಿಲ್ ಕಾಂಟಿ. 1977ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲನೇ ಸ್ಥಾನಕ್ಕೂ ಹೋಗಿತ್ತು.

ಆ ತುಣುಕು ನೋಡಿ, ಇದು ಹೊಡೆದು ಗೆಲ್ಲೋ ಸಿನಿಮಾ ಅಂದ್ಕೊಂಡು ಕೂತವರಿಗೆ ಎರಡು ಆಶ್ಚರ್ಯ ಕಾದಿರುತ್ತೆ. ಎರಡು ಗಂಟೆಯ ಸಿನಿಮಾದಲ್ಲಿ ಬಾಕ್ಸಿಂಗ್ ಇರೋದು ಶುರುವಿನಲ್ಲಿ ಒಂಚೂರು, ಕೊನೆಯಲ್ಲಿ ಹೆಚ್ಚೆಂದ್ರೆ ಇಪ್ಪತ್ತು ನಿಮಿಷ. ಮತ್ತೆ, ಹೀರೊ ಸೋಲ್ತಾನೆ.

ಸೋಲೋ ಹೀರೊನ ಕಥೆ ನೋಡಿ ಜನ ಥಿಯೇಟರ್‌ನಿಂದ ಎದೆ ಉಬ್ಬಿಸಿಕೊಂಡು ಯಾಕೆ ಹೊರಗೆ ಬಂದ್ರು? ಇವತ್ತಿಗೂ ಯಾಕೆ ಹಾಗೇ ಆಗುತ್ತೆ? ಅದೇ ಇವತ್ತಿನ ಪ್ರಶ್ನೆ.

ಬಾಕ್ಸಿಂಗ್ ಇಲ್ಲದ ಒಂದೂವರೆ ಗಂಟೆ

ಮೊದಲು ಕಥೆ ಹೇಳಿಬಿಡ್ತೀನಿ. ರಾಕಿಗೆ ಮೂವತ್ತರ ವಯಸ್ಸು. ಸಣ್ಣ ಸಣ್ಣ ಹಾಲ್‌ಗಳಲ್ಲಿ ಬಾಕ್ಸಿಂಗ್ ಆಡ್ತಾನೆ. ಸಿನಿಮಾದ ಮೊದಲ ಫೈಟ್ ಗೆದ್ದಾಗ, ಲಾಕರ್ ಬಾಡಿಗೆ, ಸ್ನಾನ, ಟವೆಲ್, ಟ್ಯಾಕ್ಸ್ ಎಲ್ಲ ಮುರಿದುಕೊಂಡು ಕೈಗೆ ಬರೋದು ಸುಮಾರು 40 ಡಾಲರ್. ಹೊಟ್ಟೆಪಾಡಿಗೆ ಅವನು ಮಾಡೋದು ಮೀಟರ್ ಬಡ್ಡಿ ದಂಧೆಯವನ ಹತ್ತಿರ ವಸೂಲಿ ಕೆಲಸ. ಅದನ್ನೂ ಸರಿಯಾಗಿ ಮಾಡಲ್ಲ. ಸಾಲ ಕಟ್ಟದವನ ಹೆಬ್ಬೆರಳು ಮುರಿದು ಬಾ ಅಂದ್ರೆ, ಪಾಪ ಅಂತ ಬಿಟ್ಟು ಬರ್ತಾನೆ. ಮನೇಲಿ ಎರಡು ಆಮೆ ಸಾಕಿದ್ದಾನೆ. ಆ ಆಮೆ ಕೊಂಡ ಪೆಟ್ ಶಾಪ್‌ನಲ್ಲಿ ಕೆಲಸ ಮಾಡೋ ಏಡ್ರಿಯನ್ ಅನ್ನೋ ನಾಚಿಕೆ ಸ್ವಭಾವದ ಹುಡುಗಿಗೆ ದಿನಾ ಒಂದೊಂದು ಪೆದ್ದು ಜೋಕ್ ಹೇಳ್ತಾನೆ. ಅವಳು ತಲೆ ಎತ್ತಿ ನೋಡೋದೂ ಇಲ್ಲ.

ಇನ್ನೊಂದು ಕಡೆ ಹೆವಿವೇಟ್ ವಿಶ್ವ ಚಾಂಪಿಯನ್ ಅಪೋಲೊ ಕ್ರೀಡ್. 1976 ಅಂದ್ರೆ ಅಮೆರಿಕಕ್ಕೆ ಸ್ವಾತಂತ್ರ್ಯ ಘೋಷಣೆಯಾಗಿ 200 ವರ್ಷ. ಆ ಘೋಷಣೆ ಆಗಿದ್ದೇ ಫಿಲಡೆಲ್ಫಿಯಾದಲ್ಲಿ. ಹಾಗಾಗಿ ಹೊಸ ವರ್ಷದ ದಿನ ಅಲ್ಲೇ ಒಂದು ಭರ್ಜರಿ ಫೈಟ್ ಇಟ್ಟುಕೊಂಡಿರ್ತಾನೆ. ಎದುರಾಳಿಗೆ ಗಾಯವಾಗುತ್ತೆ. ಬೇರೆ ದೊಡ್ಡ ಬಾಕ್ಸರ್‌ಗಳು ಯಾರೂ ಇಷ್ಟು ಬೇಗ ತಯಾರಿಲ್ಲ. ಆಗ ಅಪೋಲೊ ತಲೆಗೆ ಒಂದು ಐಡಿಯಾ ಬರುತ್ತೆ: ಹೆಸರಿಲ್ಲದ ಲೋಕಲ್ ಹುಡುಗನೊಬ್ಬನಿಗೆ ಚಾನ್ಸ್ ಕೊಟ್ಟರೆ? ಪ್ರಚಾರಕ್ಕೆ ಒಳ್ಳೇ ಮಸಾಲೆ. ಪಟ್ಟಿ ತಿರುವಿ ಹಾಕ್ತಾನೆ, ರಾಕಿಯನ್ನ ಆರಿಸ್ತಾನೆ. ಆರಿಸಿದ್ದು ಅವನ ಆಟ ನೋಡಿ ಅಲ್ಲ. ‘ಇಟಾಲಿಯನ್ ಸ್ಟಾಲಿಯನ್’ ಅನ್ನೋ ಅಡ್ಡಹೆಸರು ಪೋಸ್ಟರ್ ಮೇಲೆ ಚೆನ್ನಾಗಿ ಕಾಣುತ್ತೆ ಅಂತ.

ಇದು ಗಮನಿಸಬೇಕಾದ ವಿಷಯ. ರಾಕಿಗೆ ಅವಕಾಶ ಸಿಗೋದು ಅವನ ಪ್ರತಿಭೆಗೆ ಅಲ್ಲ. ಅದು ಲಾಟರಿ. ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತೆ ಅಂತ ಭಾಷಣ ಮಾಡೋ ಸಿನಿಮಾ ಆಗಿದ್ದರೆ ಕಥೆ ಹೀಗೆ ಶುರುವಾಗ್ತಿರಲಿಲ್ಲ. ವರ್ಷಗಟ್ಟಲೆ ಆ ಜಿಮ್‌ಗೆ ಹೋದ ರಾಕಿಗೆ ಸಿಕ್ಕ ಪ್ರತಿಫಲ ಏನು ಗೊತ್ತಾ? ಜಿಮ್ ಮಾಲೀಕ ಮಿಕ್ಕಿ ಅವನ ಲಾಕರ್ ಖಾಲಿ ಮಾಡಿಸಿ ಬೇರೆ ಹುಡುಗನಿಗೆ ಕೊಟ್ಟುಬಿಟ್ಟಿರ್ತಾನೆ.

ಅದೇ ಮಿಕ್ಕಿ, ರಾಕಿಗೆ ದೊಡ್ಡ ಫೈಟ್ ಸಿಕ್ಕ ಸುದ್ದಿ ಕೇಳಿ ಅವನ ಒಂದೇ ಕೋಣೆಯ ಮನೆಗೆ ಬರ್ತಾನೆ. ನನ್ನ ಪ್ರಕಾರ ಇಡೀ ಸಿನಿಮಾದ ಅತಿ ಒಳ್ಳೆಯ ದೃಶ್ಯ ಇದೇ, ಮೆಟ್ಟಿಲು ಹತ್ತೋದಲ್ಲ. 76 ವರ್ಷದ ಮುದುಕ ತನ್ನ ಹಳೇ ಫೋಟೊ ತೋರಿಸ್ತಾ, ನನ್ನ ಕಾಲದಲ್ಲಿ ನನಗೊಬ್ಬ ಮ್ಯಾನೇಜರ್ ಇರಲಿಲ್ಲ, ನಿನಗೆ ನಾನಿರ್ತೀನಿ ಅಂತ ಅಂಗಲಾಚ್ತಾನೆ. ರಾಕಿ ಮುಖ ಕೊಡಲ್ಲ, ಬಾತ್‌ರೂಮ್ ಬಾಗಿಲು ಹಾಕ್ಕೊಂಡು ನಿಂತುಬಿಡ್ತಾನೆ. ಮುದುಕ ಹೊರಟ ಮೇಲೆ ಹೊರಗೆ ಬಂದು ಮುಚ್ಚಿದ ಬಾಗಿಲಿಗೆ ಕೂಗಾಡ್ತಾನೆ: ಇಷ್ಟು ವರ್ಷ ಎಲ್ಲಿದ್ದೆ, ನನಗೆ ಬೇಕಾದಾಗ ಯಾಕೆ ಬರಲಿಲ್ಲ ಅಂತ. ಮಿಕ್ಕಿ ಮೆಟ್ಟಿಲಿಳೀತಾ ಅದನ್ನೆಲ್ಲ ಕೇಳಿಸ್ಕೊಳ್ತಾನೆ. ಆಮೇಲೆ ಕ್ಯಾಮೆರಾ ರಸ್ತೆಯ ಆ ಕಡೆ, ದೂರದಲ್ಲಿ ನಿಲ್ಲುತ್ತೆ. ಕತ್ತಲಲ್ಲಿ ರಾಕಿ ಓಡಿಬರ್ತಾನೆ, ಮುದುಕನ ಹೆಗಲ ಮೇಲೆ ಕೈ ಇಡ್ತಾನೆ, ಇಬ್ಬರೂ ಏನೋ ಮಾತಾಡ್ಕೊಳ್ತಾರೆ, ಕೈ ಕುಲುಕ್ತಾರೆ. ಒಂದು ಪದವೂ ನಮಗೆ ಕೇಳಿಸಲ್ಲ. ರಾಜಿ ಆಯ್ತು ಅಂತ ಗೊತ್ತಾಗುತ್ತೆ ಅಷ್ಟೇ.

ಹೀಗೆ ಒಂದೂವರೆ ಗಂಟೆ ಈ ಜನರ ಜೊತೆ ಕಳೆದುಬಿಟ್ಟಿರ್ತೀವಿ. ಅಪೋಲೊ ಆಫೀಸಿನಲ್ಲಿ ಒಬ್ಬ ಟಿವಿ ನೋಡ್ತಾನೆ, ಅದರಲ್ಲಿ ರಾಕಿ ಕಸಾಯಿಖಾನೆಯಲ್ಲಿ ನೇತುಹಾಕಿದ ಮಾಂಸಕ್ಕೆ ಗುದ್ದುತ್ತಿರ್ತಾನೆ. ಇದನ್ನ ಒಂಚೂರು ನೋಡು, ಇವನು ಸೀರಿಯಸ್ಸಾಗಿದ್ದಾನೆ ಅಂತ ಚಾಂಪಿಯನ್‌ಗೆ ಹೇಳಿದ್ರೆ, ಅವನು ವ್ಯವಹಾರದ ಮಾತಿನಲ್ಲಿ ಮುಳುಗಿರ್ತಾನೆ. ತಿರುಗಿ ನೋಡಲ್ಲ.

‘ಗೆಲ್ಲೋಕಾಗಲ್ಲ’ ಅಂತ ಒಪ್ಪಿಕೊಳ್ಳೋ ರಾತ್ರಿ

ಈಗ ಅಸಲಿ ವಿಷಯಕ್ಕೆ ಬರೋಣ. ಫೈಟ್‌ನ ಹಿಂದಿನ ರಾತ್ರಿ ರಾಕಿಗೆ ನಿದ್ದೆ ಬರಲ್ಲ. ಖಾಲಿ ಸ್ಟೇಡಿಯಂಗೆ ಹೋಗಿ ನೋಡ್ತಾನೆ. ತನ್ನ ದೊಡ್ಡ ಬ್ಯಾನರ್‌ನಲ್ಲಿ ಚಡ್ಡಿಯ ಬಣ್ಣವೇ ತಪ್ಪಾಗಿದೆ. ಅದನ್ನ ಫೈಟ್ ನಡೆಸೋ ಪ್ರಮೋಟರ್‌ಗೆ ಹೇಳಿದ್ರೆ, ಅದೇನು ದೊಡ್ಡ ವಿಷಯವಲ್ಲ ಬಿಡು ಅಂತಾನೆ. ಅಂದ್ರೆ ನೀನೇ ದೊಡ್ಡ ವಿಷಯವಲ್ಲ ಅಂತ ಅರ್ಥ.

ಮನೆಗೆ ವಾಪಸ್ ಬಂದು ಏಡ್ರಿಯನ್ ಪಕ್ಕ ಮಲಗಿ, ನನ್ನ ಕೈಲಿ ಆಗಲ್ಲ ಅಂತಾನೆ. ಅವನನ್ನ ನಾನು ಸೋಲಿಸಲಾರೆ. ಎಷ್ಟು ತಯಾರಿ ಮಾಡಿದ್ರೂ ಅವನ ಮಟ್ಟದವನು ನಾನಲ್ಲ. ಆದ್ರೆ ಇವತ್ತಿನವರೆಗೆ ಕ್ರೀಡ್ ಎದುರು ಪೂರ್ತಿ ಹದಿನೈದು ರೌಂಡ್ ಯಾರೂ ನಿಂತಿಲ್ಲ. ನಾನು ನಿಂತುಬಿಟ್ಟರೆ, ನಮ್ಮ ಏರಿಯಾದ ಇನ್ನೊಬ್ಬ ಕೆಲಸಕ್ಕೆ ಬಾರದವನು ನಾನಲ್ಲ ಅಂತ ನನಗೆ ಗೊತ್ತಾಗುತ್ತೆ. ಹೆಚ್ಚುಕಮ್ಮಿ ಈ ಅರ್ಥದ ಮಾತು.

ಇಲ್ಲಿ ಸ್ವಲ್ಪ ಬಾಕ್ಸಿಂಗ್ ಲೆಕ್ಕ ತಿಳ್ಕೊಂಡ್ರೆ ಆ ಮಾತಿನ ತೂಕ ಗೊತ್ತಾಗುತ್ತೆ. ಆಗ ವಿಶ್ವ ಚಾಂಪಿಯನ್‌ಷಿಪ್ ಫೈಟ್ ಅಂದ್ರೆ 15 ರೌಂಡ್, ಒಂದೊಂದು ರೌಂಡ್ 3 ನಿಮಿಷ, ನಡುವೆ 1 ನಿಮಿಷ ವಿರಾಮ. ಅಂದ್ರೆ 45 ನಿಮಿಷ ಹೊಡೆತ ತಿನ್ನಬೇಕು, ಕೊಡಬೇಕು. ಕೆಳಗೆ ಬಿದ್ದವನು ರೆಫರಿ ಹತ್ತು ಎಣಿಸೋದರೊಳಗೆ ಏಳಬೇಕು. ಇದು ಎಷ್ಟು ಅಪಾಯಕಾರಿ ಅಂದ್ರೆ, 1982ರಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್ ಕೂ ಅನ್ನೋ ಬಾಕ್ಸರ್ 14ನೇ ರೌಂಡ್‌ನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡ ಮೇಲೆ ಬಾಕ್ಸಿಂಗ್ ಸಂಸ್ಥೆಗಳು ಒಂದೊಂದಾಗಿ 15 ರೌಂಡ್ ಅನ್ನೋದನ್ನ 12ಕ್ಕೆ ಇಳಿಸಿದವು. ಹಾಗಾಗಿ ರಾಕಿ ಕೇಳ್ತಿರೋದು ಸಣ್ಣ ವಿಷಯ ಅಲ್ಲವೇ ಅಲ್ಲ.

ಆದ್ರೆ ಅವನು ಮಾಡಿದ್ದೇನು ನೋಡಿ. ಗೆಲುವನ್ನ ತೀರ್ಮಾನಿಸೋರು ಮೂವರು ಜಡ್ಜ್‌ಗಳು. ನಿಲ್ಲೋದನ್ನ ತೀರ್ಮಾನಿಸೋನು ರಾಕಿ. ಬೇರೆಯವರ ಕೈಲಿದ್ದ ರಿಸಲ್ಟ್ ಬಿಟ್ಟು, ತನ್ನ ಕೈಲಿರೋ ಒಂದನ್ನ ಹಿಡ್ಕೊಂಡ. ಕಟ್-ಆಫ್, ರ‍್ಯಾಂಕ್, ಸೆಲೆಕ್ಷನ್ ಲಿಸ್ಟ್, ಇಂಟರ್‌ವ್ಯೂ ಆದ ಮೇಲೆ ಬಾರದ ಇಮೇಲ್, ಇವುಗಳ ನಡುವೆ ಇರೋ ನಮ್ಮಂಥವರಿಗೆ ಈ ದೃಶ್ಯ ಯಾಕೆ ತಾಕುತ್ತೆ ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಸಿನಿಮಾ ಆ ರಾತ್ರಿ ಪ್ರೇಕ್ಷಕರ ಜೊತೆಗೂ ಒಂದು ಒಪ್ಪಂದ ಮಾಡಿಕೊಳ್ಳುತ್ತೆ. ಈ ಫೈಟ್‌ನಲ್ಲಿ ಏನನ್ನ ಲೆಕ್ಕ ಹಾಕಬೇಕು ಅಂತ ಮೊದಲೇ ಹೇಳಿಕೊಟ್ಟುಬಿಡುತ್ತೆ. ಹಾಗಾಗಿ 14ನೇ ರೌಂಡ್‌ನಲ್ಲಿ ರಾಕಿ ಬಿದ್ದಾಗ, ಮಿಕ್ಕಿಯೇ ಏಳಬೇಡ, ಅಲ್ಲೇ ಇರು ಅಂತ ಕೂಗ್ತಿದ್ದಾಗ, ನಾವು ಮಾತ್ರ ಸೀಟಿನ ತುದಿಗೆ ಬಂದು ಎದ್ದೇಳೋ ಅಂತಿರ್ತೀವಿ. ಅವನು ಹಗ್ಗ ಹಿಡಿದು ಏಳ್ತಾನೆ. ಆಗ ಅಪೋಲೊ ಮುಖ ನೋಡಬೇಕು. ಗೆದ್ದೆ ಅಂತ ಕೈ ಎತ್ತಿದವನ ಹೆಗಲು ಹಾಗೇ ಇಳಿದುಬಿಡುತ್ತೆ.

ಕೊನೆಗೆ ಬೆಲ್ ಹೊಡೆಯುತ್ತೆ, ಇಬ್ಬರೂ ನಿಂತಿರ್ತಾರೆ. ರಿಂಗ್ ತುಂಬ ಜನ, ಮೈಕ್. ರಾಕಿ ಕಣ್ಣು ಊದಿಕೊಂಡು ಮುಚ್ಚಿಹೋಗಿದೆ, ಆದ್ರೂ ಏಡ್ರಿಯನ್ ಹೆಸರು ಕೂಗ್ತಿದ್ದಾನೆ. ಅವಳು ಜನರ ನಡುವೆ ನುಗ್ಗಿ ಬರ್ತಿದ್ದಾಳೆ, ತಲೆ ಮೇಲಿದ್ದ ಟೋಪಿ ಎಲ್ಲೋ ಬಿದ್ದುಹೋಗಿದೆ. ಇದರ ಮಧ್ಯೆಯೇ ಫಲಿತಾಂಶ ಹೇಳ್ತಾರೆ: ಜಡ್ಜ್‌ಗಳಲ್ಲಿ ಒಮ್ಮತ ಇಲ್ಲ, ಗೆದ್ದಿದ್ದು ಕ್ರೀಡ್. ಸಿನಿಮಾ ಆ ಘೋಷಣೆಯನ್ನ ಮುಖ್ಯ ಸುದ್ದಿ ಅಂತ ಪರಿಗಣಿಸೋದೇ ಇಲ್ಲ.

ಶುರುವಿನಲ್ಲಿ ಸ್ಕ್ರಿಪ್ಟ್ ಹೀಗಿರಲಿಲ್ಲ. ಮೊದಲ ಡ್ರಾಫ್ಟ್‌ನಲ್ಲಿ ರಾಕಿ ಬೇಕಂತಲೇ ಸೋಲ್ತಾನೆ, ಈ ಬಾಕ್ಸಿಂಗ್ ಪ್ರಪಂಚವೇ ನನಗೆ ಬೇಡ ಅಂತ. ಆಮೇಲೆ ಇನ್ನೊಂದು ಕೊನೆ ಚಿತ್ರೀಕರಿಸಿದ್ರು: ಫೈಟ್ ಮುಗಿದ ಮೇಲೆ ರಾಕಿ, ಏಡ್ರಿಯನ್ ಕೈ ಹಿಡ್ಕೊಂಡು ಸುಮ್ಮನೆ ನಡೆದು ಹೋಗೋದು. ಸಿನಿಮಾದ ಹಳೇ ಪೋಸ್ಟರ್ ನೆನಪಿಸ್ಕೊಳ್ಳಿ, ಬೆನ್ನು ತಿರುಗಿಸಿ ಕೈ ಹಿಡಿದು ಹೋಗ್ತಿರೋ ಜೋಡಿ. ಅದು ಸಿನಿಮಾದಲ್ಲಿ ಇಲ್ಲವೇ ಇಲ್ಲದ ದೃಶ್ಯ. ಪೋಸ್ಟರ್ ಉಳೀತು, ದೃಶ್ಯ ಹೋಯ್ತು.

ದುಡ್ಡಿಲ್ಲ, ಹಾಗಾಗಿ ಐಸ್ ರಿಂಕ್ ಖಾಲಿ

ಇದನ್ನ ಬರೆದು, ನಟಿಸಿದವರು ಸಿಲ್ವೆಸ್ಟರ್ ಸ್ಟಲೋನ್. ಹುಟ್ಟುವಾಗ ವೈದ್ಯರ ಇಕ್ಕಳದಿಂದ ನರಕ್ಕೆ ಪೆಟ್ಟಾಗಿ ಮುಖದ ಕೆಳಭಾಗದ ಒಂದು ಕಡೆ ಸ್ವಾಧೀನ ಇಲ್ಲ. ಮಾತು ತೊದಲಿದ ಹಾಗೆ ಬರೋದು ಅದಕ್ಕೇ. ಆಗ ಸಣ್ಣ ಪಾತ್ರಗಳು ಮಾತ್ರ ಸಿಗ್ತಿದ್ದವು. ಅವರೇ ಹೇಳಿಕೊಂಡಿರೋ ಪ್ರಕಾರ ಬ್ಯಾಂಕಲ್ಲಿ ಇದ್ದದ್ದು 106 ಡಾಲರ್, ನಾಯಿ ಸಾಕೋಕೂ ಆಗದೆ ಮಾರಿದ್ರು, ಸಿನಿಮಾ ಸಿಕ್ಕ ಮೇಲೆ ವಾಪಸ್ ಕೊಂಡ್ರು. ಈ ನಾಯಿ ಕಥೆ ನೀವೂ ಕೇಳಿರ್ತೀರಿ. ಮೋಟಿವೇಶನ್ ರೀಲ್ಸ್‌ನಲ್ಲಿ ಒಂದೊಂದು ಕಡೆ ಒಂದೊಂದು ರೇಟು ಹೇಳ್ತಾರೆ, ಅದಕ್ಕೆ ನಾನು ರೇಟಿಗೆ ಕೈ ಹಾಕಲ್ಲ. ಬಟ್ಕಸ್ ಅನ್ನೋ ಆ ನಾಯಿ ಸಿನಿಮಾದಲ್ಲೇ ಇದೆ, ಅದಂತೂ ನಿಜ.

ಸ್ಕ್ರಿಪ್ಟ್‌ನ ಕರಡು ಬರೆದಿದ್ದು ಮೂರೂವರೆ ದಿನದಲ್ಲಿ. ನಿರ್ಮಾಪಕರಾದ ಇರ್ವಿನ್ ವಿಂಕ್ಲರ್, ರಾಬರ್ಟ್ ಚಾರ್ಟಾಫ್ ಅವರಿಗೆ ಇಷ್ಟವಾಯ್ತು. ಸ್ಟುಡಿಯೊ ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾತ್ರ ದೊಡ್ಡ ಸ್ಟಾರ್ ಬೇಕಿತ್ತು, ಬರ್ಟ್ ರೆನಾಲ್ಡ್ಸ್, ರಯಾನ್ ಒನೀಲ್ ಥರದವರು. ಸ್ಕ್ರಿಪ್ಟ್ ಮಾರು, ಪಾತ್ರ ಬಿಡು ಅಂತ ಸ್ಟಲೋನ್‌ಗೆ ಲಕ್ಷಗಟ್ಟಲೆ ಡಾಲರ್ ಆಫರ್ ಬಂತು. ನಾನೇ ಮಾಡ್ತೀನಿ ಅಂತ ಹಟ ಹಿಡಿದ್ರು. ಆ ಹಟಕ್ಕೆ ಬೆಲೆ ತೆತ್ತಿದ್ದು ಬಜೆಟ್: ಸುಮಾರು 10 ಲಕ್ಷ ಡಾಲರ್, 28 ದಿನದ ಶೂಟಿಂಗ್. ನಿರ್ದೇಶಕರು ಜಾನ್ ಜಿ. ಅವಿಲ್ಡ್‌ಸನ್.

ಈ ಬಡತನ ಸಿನಿಮಾದ ಮೈಗೇ ಅಂಟಿಕೊಂಡುಬಿಟ್ಟಿದೆ, ಅದೂ ಒಳ್ಳೇ ರೀತಿಯಲ್ಲಿ. ರಾಕಿ, ಏಡ್ರಿಯನ್ ಮೊದಲ ಸಲ ಹೊರಗೆ ಹೋಗೋದು ಐಸ್ ಸ್ಕೇಟಿಂಗ್ ರಿಂಕ್‌ಗೆ. ಬರೆದಾಗ ಅಲ್ಲಿ ನೂರಾರು ಜನ ಸ್ಕೇಟಿಂಗ್ ಮಾಡ್ತಿರಬೇಕಿತ್ತು. ಅಷ್ಟು ಜೂನಿಯರ್ ಕಲಾವಿದರಿಗೆ ದುಡ್ಡಿಲ್ಲ. ಸರಿ, ರಿಂಕ್ ಮುಚ್ಚಿದೆ ಅಂತ ಬದಲಾಯಿಸಿದ್ರು. ರಾಕಿ ಕಾವಲಿನವನಿಗೆ 10 ಡಾಲರ್ ಕೊಟ್ಟು 10 ನಿಮಿಷ ಕೊಂಡುಕೊಳ್ತಾನೆ. ಅವಳು ಐಸ್ ಮೇಲೆ ತಡವರಿಸ್ತಾ ಜಾರ್ತಾಳೆ, ಅವನು ಬೂಟಲ್ಲೇ ಪಕ್ಕದಲ್ಲಿ ಓಡ್ತಾ ಮಾತಾಡ್ತಾನೆ, ಅತ್ತ ಕಾವಲಿನವನು ಇಷ್ಟು ನಿಮಿಷ ಉಳೀತು ಅಂತ ಕೂಗ್ತಿರ್ತಾನೆ. ಖಾಲಿ ರಿಂಕ್, ಇಬ್ಬರು ಒಂಟಿ ಜನ, ಬಾಡಿಗೆಗೆ ತಗೊಂಡ ಹತ್ತು ನಿಮಿಷ. ದುಡ್ಡಿದ್ದಿದ್ದರೆ ಈ ದೃಶ್ಯ ಹುಟ್ಟುತ್ತಲೇ ಇರಲಿಲ್ಲ.

ಬ್ಯಾನರ್‌ನಲ್ಲಿ ಚಡ್ಡಿ ಬಣ್ಣ ತಪ್ಪಾಗಿದ್ದೂ ನಿಜವಾಗಿ ಆರ್ಟ್ ವಿಭಾಗದ ಎಡವಟ್ಟು. ಮತ್ತೆ ಬರೆಸೋಕೆ ದುಡ್ಡಿಲ್ಲದೆ ಅದನ್ನೇ ಸಂಭಾಷಣೆ ಮಾಡಿಬಿಟ್ರು. ಫೈಟ್ ದಿನ ಹಾಕೋ ಗೌನ್ ಅಳತೆ ಮೀರಿ ದೊಗಳೆ ಆಗಿತ್ತು, ಅದನ್ನೂ ಹಾಗೇ ಕಥೆಗೆ ಸೇರಿಸ್ಕೊಂಡ್ರು. ಮಾರ್ಕೆಟ್ ಬೀದಿಯಲ್ಲಿ ಓಡುವಾಗ ಒಬ್ಬ ಅಂಗಡಿಯವನು ಕಿತ್ತಳೆ ಎಸೀತಾನಲ್ಲ, ಅದನ್ನ ಯಾರೂ ಹೇಳಿಕೊಟ್ಟಿರಲಿಲ್ಲ. ಇನ್ನು ಕೊನೆಯ ಫೈಟ್ ಶೂಟ್ ಮಾಡಿದ್ದು ಹಿಂದುಮುಂದಾಗಿ, 15ನೇ ರೌಂಡ್‌ನಿಂದ ಒಂದನೇ ರೌಂಡ್ ಕಡೆಗೆ. ಊದಿದ ಮುಖದ ಪೂರ್ತಿ ಮೇಕಪ್ ಮೊದಲು ಹಾಕಿ, ಸ್ವಲ್ಪ ಸ್ವಲ್ಪವಾಗಿ ತೆಗೀತಾ ಬಂದ್ರು.

ಆ ಓಟದ ಬಗ್ಗೆ ಒಂದು ತಾಂತ್ರಿಕ ವಿಷಯ, ವಿಡಿಯೊ ಮಾಡೋರಿಗೆ ಇಷ್ಟವಾಗುತ್ತೆ. ಇವತ್ತು ಫೋನಿಗೆ ಗಿಂಬಲ್ ಸಿಕ್ಕಿಸಿ ಯಾರು ಬೇಕಾದ್ರೂ ಓಡ್ತಾ ಶೂಟ್ ಮಾಡಬಹುದು. 1975ರಲ್ಲಿ ಓಡೋನ ಜೊತೆ ಕ್ಯಾಮೆರಾ ಹೋಗಬೇಕು ಅಂದ್ರೆ ನೆಲಕ್ಕೆ ಹಳಿ ಹಾಕಬೇಕಿತ್ತು, ಇಲ್ಲಾಂದ್ರೆ ಕೈಲಿ ಹಿಡಿದು ಚಿತ್ರ ಅಲುಗಾಡಬೇಕಿತ್ತು. ಮೆಟ್ಟಿಲ ಮೇಲೆ ಹಳಿ ಹಾಕೋಕಾಗುತ್ತಾ? ಫಿಲಡೆಲ್ಫಿಯಾದ ಗ್ಯಾರೆಟ್ ಬ್ರೌನ್ ಆಗಷ್ಟೇ ಮೈಗೆ ಕಟ್ಟಿಕೊಳ್ಳೋ ಸ್ಟೆಡಿಕ್ಯಾಮ್ ಕಂಡುಹಿಡಿದಿದ್ದರು. ಅದನ್ನ ಪರೀಕ್ಷೆ ಮಾಡೋಕೆ ತಮ್ಮ ಗೆಳತಿ ಆ ಮ್ಯೂಸಿಯಂ ಮೆಟ್ಟಿಲು ಹತ್ತಿ ಇಳಿಯೋದನ್ನ ಶೂಟ್ ಮಾಡಿದ್ದರು. ಆ ತುಣುಕು ನೋಡಿದ ನಿರ್ದೇಶಕರು ಕೇಳಿದ್ದು: ಇದನ್ನ ಹೇಗೆ ಮಾಡಿದ್ರಿ, ಈ ಮೆಟ್ಟಿಲು ಎಲ್ಲಿದೆ? ಅಲ್ಲಿಂದಲೇ ದೃಶ್ಯ ಬಂತು. ಅಂದ್ರೆ ಆ ಮೆಟ್ಟಿಲನ್ನ ಸ್ಟೆಡಿಕ್ಯಾಮ್ ಮುಂದೆ ಮೊದಲು ಓಡಿ ಹತ್ತಿದ್ದು ರಾಕಿ ಅಲ್ಲ.

ರೀಲ್ಸ್‌ನಲ್ಲಿ ಕಟ್ ಆಗಿಹೋಗೋ ಇನ್ನೊಂದು ಭಾಗ ಇದೆ. ಸಿನಿಮಾದಲ್ಲಿ ರಾಕಿ ಆ ಮೆಟ್ಟಿಲು ಎರಡು ಸಲ ಹತ್ತಾನೆ. ಮೊದಲ ಸಲ ನಸುಕಿನ ಚಳಿಯಲ್ಲಿ, ಐದು ಹಸಿ ಮೊಟ್ಟೆ ಕುಡಿದು ಹೊರಟು, ಪಕ್ಕೆ ಹಿಡ್ಕೊಂಡು, ಮೇಲೆ ಹೋಗೋಷ್ಟರಲ್ಲಿ ಸುಸ್ತಾಗಿ, ಕುಂಟ್ತಾ ಇಳೀತಾನೆ. ಕುಣಿತ ಇಲ್ಲ. ಎರಡನೇ ಸಲದ ಖುಷಿಗೆ ಬಲ ಬರೋದು ಆ ಮೊದಲನೇ ಸಲದಿಂದ.

ಅಂತೂ 10 ಲಕ್ಷದ ಸಿನಿಮಾ ಉತ್ತರ ಅಮೆರಿಕದಲ್ಲೇ 11 ಕೋಟಿ 70 ಲಕ್ಷ ಡಾಲರ್ ಗಳಿಸ್ತು. ಹತ್ತು ಆಸ್ಕರ್ ನಾಮನಿರ್ದೇಶನ, ಮೂರು ಪ್ರಶಸ್ತಿ: ಅತ್ಯುತ್ತಮ ಚಿತ್ರ, ನಿರ್ದೇಶನ, ಸಂಕಲನ. ಎದುರಿಗಿದ್ದದ್ದು ‘ಟ್ಯಾಕ್ಸಿ ಡ್ರೈವರ್’, ‘ನೆಟ್‌ವರ್ಕ್’, ‘ಆಲ್ ದ ಪ್ರೆಸಿಡೆಂಟ್ಸ್ ಮೆನ್’. ವಿಯೆಟ್ನಾಂ ಯುದ್ಧ, ನಿಕ್ಸನ್ ರಾಜೀನಾಮೆ ಎಲ್ಲ ಆಗಿ ದೇಶಕ್ಕೆ ಮಂಕು ಕವಿದಿದ್ದ ಕಾಲ, ದೊಡ್ಡ ಸಿನಿಮಾಗಳೂ ಹಾಗೇ ಇದ್ದವು. ಸಿನಿಮಾ ಕಲೆಯ ಲೆಕ್ಕದಲ್ಲಿ ‘ಟ್ಯಾಕ್ಸಿ ಡ್ರೈವರ್’ ಮೇಲು ಅಂತ ನಾನೂ ಒಪ್ತೀನಿ. ಆದ್ರೆ ಅದನ್ನ ಮನೆಮಂದಿ ಜೊತೆ ಕೂತು ನೋಡೋಕಾಗಲ್ಲ.

19 ಸೆಕೆಂಡ್, ಮತ್ತೆ ಒಂದು ಪ್ರತಿಮೆ

ಈ ಕಥೆಗೆ ನಿಜ ಜೀವನದ ಬೇರು ಇದೆ. ಆ ಬೇರಿನ ಕಥೆ ಅಷ್ಟು ಸಿಹಿಯಾಗಿಲ್ಲ.

1975ರ ಮಾರ್ಚ್ 24, ಒಹಾಯೊ ರಾಜ್ಯ. ಮುಹಮ್ಮದ್ ಅಲಿ ಎದುರು ಚಕ್ ವೆಪ್ನರ್. ವೆಪ್ನರ್‌ಗೆ 36 ವರ್ಷ, ಹೊಟ್ಟೆಪಾಡಿಗೆ ಮದ್ಯದ ಸೇಲ್ಸ್‌ಮನ್. ಮುಖಕ್ಕೆ ಬಿದ್ದ ಏಟಿಗೆಲ್ಲ ರಕ್ತ ಸೋರೋದು ಅಂತ ಅಡ್ಡಹೆಸರೇ ‘ಬೇಯಾನ್ ಬ್ಲೀಡರ್’. ಮೂರು ರೌಂಡ್ ನಿಲ್ತಾನಾ ಅಂತ ಜನ ಕೇಳ್ತಿದ್ದರೆ, 9ನೇ ರೌಂಡ್‌ನಲ್ಲಿ ಅಲಿಯನ್ನೇ ಕೆಳಗೆ ಬೀಳಿಸಿದ. ಕಾಲು ತುಳಿದ ಅಂತ ಅಲಿ ವಾದ, ಇರಲಿ. ಕೊನೆಗೆ 15ನೇ ರೌಂಡ್‌ನಲ್ಲಿ, ಮುಗಿಯೋಕೆ 19 ಸೆಕೆಂಡ್ ಇರುವಾಗ ರೆಫರಿ ಫೈಟ್ ನಿಲ್ಲಿಸಿದ್ರು. ಅದನ್ನ ನೋಡಿದ ಸ್ಟಲೋನ್ ತಲೆಯಲ್ಲಿ ರಾಕಿ ಹುಟ್ಟಿದ.

ಅಂದ್ರೆ ಅಸಲಿ ಮನುಷ್ಯನಿಗೆ ಕೊನೆಯ ಬೆಲ್ ಕೇಳಿಸಲಿಲ್ಲ. ಆ 19 ಸೆಕೆಂಡನ್ನ ಸಿನಿಮಾ ಸೇರಿಸಿ ಕೊಟ್ಟಿತು, ಆದ್ರೆ ಕೊಟ್ಟಿದ್ದು ವೆಪ್ನರ್‌ಗೆ ಅಲ್ಲ, ರಾಕಿಗೆ. ತನ್ನ ಹೆಸರು ಬಳಸಿಕೊಂಡು ಏನೂ ಕೊಡಲಿಲ್ಲ ಅಂತ ವೆಪ್ನರ್ 2003ರಲ್ಲಿ ಸ್ಟಲೋನ್ ಮೇಲೆ ಕೇಸ್ ಹಾಕಿದ್ರು. 2006ರಲ್ಲಿ ಕೋರ್ಟ್ ಹೊರಗೆ ರಾಜಿಯಾಯ್ತು. ವಿಚಿತ್ರ ಅಂದ್ರೆ, ರಾಕಿ ಪಾತ್ರದ ಒಡೆತನ ತನಗೂ ಸಿಗಲಿಲ್ಲ ಅಂತ ಸ್ಟಲೋನ್ ಕೂಡ ಮುಂದೆ ಬಹಿರಂಗವಾಗಿ ಬೇಸರ ಹೇಳ್ಕೊಂಡಿದ್ದಾರೆ.

ಇನ್ನೊಂದು ಹೆಸರು ಜೋ ಫ್ರೇಜಿಯರ್. 1964ರ ಟೋಕಿಯೊ ಒಲಿಂಪಿಕ್ಸ್ ಚಿನ್ನ, ಆಮೇಲೆ ಹೆವಿವೇಟ್ ವಿಶ್ವ ಚಾಂಪಿಯನ್, 1971ರಲ್ಲಿ ಅಲಿಯನ್ನ ಮೊದಲ ಸಲ ಸೋಲಿಸಿದವರು. ಬದುಕು ಕಟ್ಟಿಕೊಂಡ ಊರು ಫಿಲಡೆಲ್ಫಿಯಾ. ಹುಡುಗನಾಗಿದ್ದಾಗ ಅಲ್ಲಿನ ಕಸಾಯಿಖಾನೆಯಲ್ಲಿ ಕೆಲಸ ಮಾಡ್ತಾ ನೇತುಹಾಕಿದ ಮಾಂಸಕ್ಕೆ ಗುದ್ದಿ ಅಭ್ಯಾಸ ಮಾಡಿದವರು, ಆ ಮ್ಯೂಸಿಯಂ ಮೆಟ್ಟಿಲ ಮೇಲೆ ಓಡಿದವರು. ಎಲ್ಲೋ ಕೇಳಿದ ಹಾಗಿದೆ ಅಲ್ವಾ? ‘ರಾಕಿ’ಯ ಕೊನೆಯ ಫೈಟ್‌ಗೆ ಮುಂಚೆ ರಿಂಗ್‌ಗೆ ಬಂದು ಕೈ ಬೀಸಿ ಹೋಗೋ ಅತಿಥಿ ಅವರೇ.

ಈಗ ಇದನ್ನ ಕೇಳಿ. ‘ರಾಕಿ 3’ಗಾಗಿ ಮಾಡಿಸಿದ ರಾಕಿಯ ಕಂಚಿನ ಪ್ರತಿಮೆ 1980ರ ದಶಕದಿಂದಲೇ ಫಿಲಡೆಲ್ಫಿಯಾದಲ್ಲಿದೆ. 2006ರಲ್ಲಿ ಅದು ಮ್ಯೂಸಿಯಂ ಮೆಟ್ಟಿಲ ಬುಡಕ್ಕೆ ಬಂತು, ಪ್ರವಾಸಿಗರು ಫೋಟೊಗೆ ಕ್ಯೂ ನಿಂತ್ರು. ನಿಜವಾದ ಚಾಂಪಿಯನ್ ಫ್ರೇಜಿಯರ್ ತೀರಿಕೊಂಡಿದ್ದು 2011ರಲ್ಲಿ. ಅವರ ಪ್ರತಿಮೆ ಆ ಊರಲ್ಲಿ ಎದ್ದಿದ್ದು 2015ರಲ್ಲಿ. ಇಲ್ಲದ ಬಿಳಿಯ ಬಾಕ್ಸರ್‌ಗೆ ಮೊದಲು, ಇದ್ದ ಕಪ್ಪು ಬಾಕ್ಸರ್‌ಗೆ ಮೂರು ದಶಕ ಆದ ಮೇಲೆ.

ಇದನ್ನ ಮುಹಮ್ಮದ್ ಅಲಿ ಬೇಗ ಗುರುತಿಸಿದ್ದರು. 1979ರಲ್ಲಿ ವಿಮರ್ಶಕ ರೋಜರ್ ಈಬರ್ಟ್ ಜೊತೆ ಕೂತು ‘ರಾಕಿ 2’ ನೋಡಿದ್ರು. ಅದರಲ್ಲಿ ರಾಕಿ ಗೆದ್ದೇಬಿಡ್ತಾನೆ. ಸಿನಿಮಾ ಚೆನ್ನಾಗಿದೆ ಅಂತ ಮೆಚ್ಚಿಕೊಂಡೇ, ಕಪ್ಪು ಮನುಷ್ಯ ಮೇಲುಗೈ ಆದ ಹಾಗೆ ತೋರಿಸೋದು ಅಮೆರಿಕ ಕಲಿಸಿದ ಪಾಠಕ್ಕೇ ವಿರುದ್ಧ ಆಗುತ್ತಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ನಮಗೆ ಇಷ್ಟವಾದ ಸಿನಿಮಾ ಅಂತ ಈ ಮಾತು ಪಕ್ಕಕ್ಕಿಡೋಕಾಗಲ್ಲ. ಯಾರನ್ನ ‘ಲೆಕ್ಕಕ್ಕಿಲ್ಲದವನು’ ಅಂತ ಕಥೆ ಆರಿಸಿಕೊಳ್ಳುತ್ತೆ, ಯಾರನ್ನ ಎದುರಿಗೆ ನಿಲ್ಲಿಸುತ್ತೆ ಅನ್ನೋದೂ ಕಥೆಯ ಭಾಗ.

ಹಳೇದಾಗಿ ಕಾಣೋ ಇನ್ನೊಂದು ಜಾಗ ಇದೆ. ಏಡ್ರಿಯನ್ ಮೊದಲ ಸಲ ರಾಕಿ ಮನೆಗೆ ಬಂದಾಗ, ಹೊರಡ್ತೀನಿ ಅಂದ್ರೂ ಅವನು ಬಾಗಿಲಿಗೆ ಅಡ್ಡ ನಿಲ್ತಾನೆ. 1976ರಲ್ಲಿ ಅದನ್ನ ರೊಮ್ಯಾನ್ಸ್ ಅಂತ ನೋಡಿದ್ರು. ಇವತ್ತು ನೋಡುವಾಗ ಹೊಟ್ಟೆಯೊಳಗೆ ಒಂಥರಾ ಆಗುತ್ತೆ, ಆಗಬೇಕು ಕೂಡ. ಏಡ್ರಿಯನ್ ಆಗಿ ನಟಿಸಿದ ಟಾಲಿಯಾ ಶೈರ್ ಆ ಹುಡುಗಿಯನ್ನ ಎಷ್ಟು ಗಟ್ಟಿಯಾಗಿ ಹಿಡಿದಿದ್ದಾರೆ ಅಂದ್ರೆ ಸಿನಿಮಾ ಆ ದೃಶ್ಯವನ್ನ ದಾಟಿ ಉಳಿಯುತ್ತೆ. ಅಣ್ಣನ ಮೇಲೆ ಮೊದಲ ಸಲ ಅವಳು ಸಿಡಿದೇಳೋದನ್ನ ನೋಡಿ, ಅದೂ ಒಂದು ನಾಕ್‌ಔಟ್ ಪಂಚ್‌ಗೆ ಕಮ್ಮಿ ಇಲ್ಲ.

ಮುಂದಿನ ಭಾಗಗಳು? ಬೇಗ ಹೇಳಿಬಿಡ್ತೀನಿ. ಎರಡನೇದರಿಂದ ರಾಕಿ ಗೆಲ್ಲೋಕೆ ಶುರು ಮಾಡ್ದ. ಮೈಕಟ್ಟು ಹೆಚ್ಚಾಯ್ತು, ಎದುರಾಳಿಗಳ ಗಾತ್ರ ಹೆಚ್ಚಾಯ್ತು, 1985ರ ನಾಲ್ಕನೇ ಭಾಗದಲ್ಲಿ ಸೋವಿಯತ್ ಒಕ್ಕೂಟವನ್ನೇ ಹೊಡೆದು ಬಂದ. ಮಜಾ ಇದೆ, ಇಲ್ಲ ಅನ್ನಲ್ಲ. ಆದ್ರೆ ಆಮೆ ಸಾಕಿದ್ದ ಹುಡುಗ ಅಲ್ಲಿಲ್ಲ. ನಮ್ಮಲ್ಲೂ ‘ಪೈಲ್ವಾನ್’ನಿಂದ ಹಿಡಿದು ಬಾಕ್ಸಿಂಗ್ ಇರೋ ಸಿನಿಮಾಗಳು ಹೆಚ್ಚಾಗಿ ಆ ಗೆಲ್ಲೋ ರಾಕಿಯ ಸಂಬಂಧಿಕರೇ, ಮೊದಲನೇ ರಾಕಿಯವರಲ್ಲ.

ಮೊದಲನೇ ಸಿನಿಮಾದ ಆತ್ಮ ವಾಪಸ್ ಬಂದಿದ್ದು 2015ರ ‘ಕ್ರೀಡ್’ನಲ್ಲಿ. ನಿರ್ದೇಶಕ ರಯಾನ್ ಕೂಗ್ಲರ್ ಕಥೆಯನ್ನ ರಾಕಿ ಕಡೆಯಿಂದ ಎತ್ತಿ ಅಪೋಲೊ ಮಗ ಅಡೋನಿಸ್ ಕಡೆಗೆ ಇಟ್ಟರು. ಅಲಿ ಎತ್ತಿದ ಪ್ರಶ್ನೆಗೆ ಇದೊಂದು ತಡವಾದ ಉತ್ತರ ಅಂತ ನನಗನ್ನಿಸುತ್ತೆ. ಅಲ್ಲಿ ರಾಕಿ ಮುದುಕ, ಕಾಯಿಲೆ ಬಿದ್ದವನು, ಹುಡುಗನಿಗೆ ಕೋಚ್. ಆ ಪಾತ್ರಕ್ಕೆ ಸ್ಟಲೋನ್‌ಗೆ ಮತ್ತೆ ಆಸ್ಕರ್ ನಾಮನಿರ್ದೇಶನ ಬಂತು. ಕೊನೆಯಲ್ಲಿ ಅಡೋನಿಸ್ ಕೂಡ ಪೂರ್ತಿ ರೌಂಡ್ ನಿಂತು, ಒಮ್ಮತವಿಲ್ಲದ ತೀರ್ಪಿನಲ್ಲಿ ಸೋಲ್ತಾನೆ. ಆಮೇಲೆ ಇಬ್ಬರೂ ಅದೇ 72 ಮೆಟ್ಟಿಲು ಹತ್ತಾರೆ. ಈ ಸಲ ರಾಕಿಗೆ ಏದುಸಿರು, ಕೈ ಹಿಡಿದು ಹತ್ತಿಸೋದು ಹುಡುಗ.

ನೋಡೋದಾದ್ರೆ 1976ರದ್ದನ್ನ ಮೊದಲು ನೋಡಿ, ಆಮೇಲೆ ನೇರ 2015ಕ್ಕೆ ಹಾರಿದ್ರೂ ನಡೆಯುತ್ತೆ. ಮೊದಲ ಅರ್ಧ ಗಂಟೆ ನಿಧಾನ ಅನ್ನಿಸಬಹುದು, ಸ್ಪೀಡ್ 1.5ಕ್ಕೆ ಏರಿಸಬೇಡಿ. ಫೋನಲ್ಲೇ ನೋಡೋರು ಕೊನೆಯ ದೃಶ್ಯಕ್ಕಾದ್ರೂ ಇಯರ್‌ಫೋನ್ ಹಾಕ್ಕೊಳ್ಳಿ. ಗೆದ್ದಿದ್ದು ಯಾರು ಅಂತ ಹೇಳೋ ಧ್ವನಿ ಗಲಾಟೆಯ ಹಿಂದೆ ಎಲ್ಲೋ ಕೇಳುತ್ತೆ. ಸುಮಾರು ಜನಕ್ಕೆ ಅದು ತಪ್ಪೇ ಹೋಗುತ್ತೆ.